ಮಿಂಚಿಲಿಗೆ ಇಷ್ಟವಾದವರು

ಆಳೆತ್ತರದ ಇಲಿಯನ್ನು ಹೊಲಿಯುವುದರಲ್ಲಿ ನಿಜವಾದ ಕಷ್ಟ ಬಾಲದ್ದು ಎಂದು ಟೈಲರಮ್ಮನಿಗೆ ಗೊತ್ತಾಗಲು ಎರಡು ವಾರ ಹಿಡಿಯಿತು. ಕಿವಿ, ಹೊಟ್ಟೆ, ಕಾಲು ಎಲ್ಲ ಹೇಗೋ ಅವಳ ಮಾತು ಕೇಳಿದವು. ಬಾಲ ಮಾತ್ರ ಹಟ ಹಿಡಿಯಿತು. ಅದು ಬಲ್ಬಿನೊಳಗಿನ ತಂತಿಯ ಹಾಗೆ ಮೂರು ಸುತ್ತು ಸುರುಳಿಯಾಗಿ, ತುದಿಯಲ್ಲಿ ನೆಟ್ಟಗೆ ನಿಲ್ಲಬೇಕು ಎಂದು ಕಂಪನಿಯವರು ಕಳಿಸಿದ ನಿಯಮದ ಪುಸ್ತಕದಲ್ಲಿತ್ತು. ಒಳಗೆ ಸ್ಪಂಜು ತುಂಬಿದರೆ ಜೋತುಬೀಳುತ್ತಿತ್ತು. ತಂತಿ ಇಟ್ಟರೆ, ಇಲಿ ತಿರುಗಿದಾಗಲೆಲ್ಲ ಹಿಂದೆ ಇದ್ದವರ ಮಂಡಿಗೆ ಬಡಿಯುತ್ತಿತ್ತು. ಹಿಂದೆ ಇರುತ್ತಿದ್ದವಳು ಅವಳೇ.

ಮುಂದಿನ ಕೋಣೆಯಲ್ಲಿ ಮೆಷಿನ್ ಹಾಕಿಕೊಂಡು ಶಾಲೆಯ ನಾಟಕಗಳಿಗೆ ಮರ, ಮೋಡ, ಸೈನಿಕರ ಅಂಗಿ, ನಡುವೆ ಪರದೆ, ಸೋಫಾ ಕವರು ಹೊಲಿದುಕೊಂಡಿದ್ದವಳಿಗೆ ಇದು ದೊಡ್ಡ ಕೆಲಸ. ದೊಡ್ಡ ರಸ್ತೆಯ ಮೂರು ಮಹಡಿಯ ಆಟಿಕೆ ಅಂಗಡಿಯಿಂದ ಬಂದದ್ದು. 'ಪ್ರಾಣಿಬುಟ್ಟಿ' ಎಂಬ ಫೋನಿನ ಆಟದ ಹೊಸ ಕಂತು ಬಿಡುಗಡೆಯಾಗುವ ಮೂರು ದಿನ ಅಂಗಡಿಯಲ್ಲಿ ಮಿಂಚಿಲಿ ಓಡಾಡಬೇಕು ಎಂದು ಮ್ಯಾನೇಜರ್ ಹೇಳಿದ್ದ. ಆ ಆಟದಲ್ಲಿ ಬೀದಿ ಬೀದಿ ತಿರುಗಿ, ಫೋನಿನ ಪರದೆಯಲ್ಲಿ ಕಾಣಿಸಿಕೊಳ್ಳುವ ವಿಚಿತ್ರ ಪ್ರಾಣಿಗಳನ್ನು ಹಿಡಿದು ಬುಟ್ಟಿಗೆ ಹಾಕಿಕೊಳ್ಳಬೇಕು. ಇನ್ನೂರಕ್ಕೂ ಹೆಚ್ಚು ಪ್ರಾಣಿಗಳಿದ್ದರೂ ಮಕ್ಕಳ ಜೀವವೆಲ್ಲ ಮಿಂಚಿಲಿಯ ಮೇಲೆ. ಕಿತ್ತಳೆ ಬಣ್ಣದ ರೋಮ, ಸೌಟಿನಂಥ ಎರಡು ಕಿವಿ, ತಾಮ್ರದ ಮೀಸೆ. ಹಳೆಯ ಕಟ್ಟಡಗಳ ಮೀಟರ್ ಪೆಟ್ಟಿಗೆಯಲ್ಲಿ ವಾಸ, ಕರೆಂಟು ಕುಡಿದು ಜೀವನ.

ವೇಷ ಹಾಕಬೇಕಾಗಿದ್ದವನು ನಾಟಕ ಮಂಡಳಿಯ ಒಬ್ಬ ನಟ. ನಾಲ್ಕು ಅಡಿ ಏಳು ಇಂಚು. ಒಂದು ಸಲ ಬಂದು ಅಳತೆ ಕೊಟ್ಟು ಮಂಡಳಿಯ ಜೊತೆ ಊರೂರು ತಿರುಗಲು ಹೋದವನು ಮತ್ತೆ ಮುಖ ತೋರಿಸಲಿಲ್ಲ. ಹಾಕಿ ನೋಡುವುದು ಯಾರಿಗೆ? ಟೈಲರಮ್ಮ ಮನೆಯಲ್ಲೆಲ್ಲ ಕಣ್ಣಾಡಿಸಿದಳು. ಅವಳ ಗಂಡ ಬಾಗಿಲಿಗೆ ತಲೆ ತಾಗುವ ಆಳು. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ ಅತ್ತೆ ಮಾತ್ರ ಸರಿಯಾಗಿ ನಾಲ್ಕು ಅಡಿ ಏಳು ಇಂಚು.

ಕೇಳುವುದಕ್ಕೆ ಅವಳಿಗೆ ಎರಡು ದಿನ ಧೈರ್ಯ ಬರಲಿಲ್ಲ. ಅತ್ತೆ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇದ್ದವರು. ಕೊನೆಯ ಹತ್ತು ವರ್ಷ ಸೂಪರ್‌ವೈಸರ್. ಮನೆಯಲ್ಲಿ ಚಪ್ಪಲಿಯ ಮೂಗು ಗೋಡೆಯ ಕಡೆಗಿರಬೇಕು, ಲೋಟದ ಹಿಡಿ ಬಲಕ್ಕಿರಬೇಕು, ಕತ್ತರಿ ಎಲ್ಲಿಂದ ತೆಗೆದದ್ದೋ ಅಲ್ಲಿಗೇ ಹೋಗಬೇಕು. ಬೈದವರಲ್ಲ, ಕೂಗಿದವರಲ್ಲ. ಕನ್ನಡಕ ತೆಗೆದು ಒಂದು ಸಲ ನೋಡಿದರೆ ಸಾಕು, ಸೊಸೆಯ ಕೈಯಲ್ಲಿದ್ದ ಸೂಜಿ ಕೆಳಗೆ ಬೀಳುತ್ತಿತ್ತು. ಮದುವೆಯಾಗಿ ಎಂಟು ವರ್ಷದಲ್ಲಿ ಅತ್ತೆ ಹಲ್ಲು ಕಾಣುವಂತೆ ನಕ್ಕದ್ದನ್ನು ಅವಳು ನೋಡಿರಲಿಲ್ಲ.

ಕೊನೆಗೆ ಕೇಳಿದಾಗ ಅತ್ತೆ, "ನಿಯಮದ ಪುಸ್ತಕ ಕೊಡು ಮೊದಲು," ಅಂದರು. ಹದಿನಾಲ್ಕು ಪುಟವನ್ನೂ ಪೆನ್ಸಿಲು ಹಿಡಿದು ಓದಿದರು. ಆಮೇಲೆ ಸ್ಟೂಲು ಹತ್ತಿ ನಿಂತು, "ಹಾಕು," ಅಂದರು. ಅಂದಿನಿಂದ ದಿನಾ ಬೆಳಿಗ್ಗೆ ಅತ್ತೆ ಕುತ್ತಿಗೆಯವರೆಗೆ ಇಲಿ, ಅದರ ಮೇಲೆ ಅತ್ತೆ.

ಬೆಳಿಗ್ಗೆಯೇ ಯಾಕೆಂದರೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮೆಷಿನ್ ತುಳಿಯುವ ಹಾಗಿರಲಿಲ್ಲ. ಕಟ್ಟಡದ ಸಂಘದ ಕಾರ್ಯದರ್ಶಿಗೆ ಅದು ನಿದ್ದೆಯ ಹೊತ್ತು. ನಿವೃತ್ತಿಯಾದ ಮೇಲೆ ಮಾಡಲು ಬೇರೆ ಕೆಲಸವಿಲ್ಲದೆ ಲಿಫ್ಟಿನ ಪಕ್ಕದ ಹಲಗೆಯ ತುಂಬ ನೋಟಿಸು ಅಂಟಿಸುತ್ತಿದ್ದುದರಿಂದ ಅವರನ್ನು ಎಲ್ಲರೂ ಹಿಂದಿನಿಂದ ನೋಟಿಸ್ ಸಾಹೇಬರು ಎನ್ನುತ್ತಿದ್ದರು. 'ಮೂರನೇ ಮಹಡಿಯ ಹೊಲಿಗೆಯವರ ಗಮನಕ್ಕೆ' ಎಂದು ಅವರು ಕೆಂಪು ಅಕ್ಷರದಲ್ಲಿ ಬರೆದ ದಿನ ಅತ್ತೆ ಹಲಗೆಯ ಮುಂದೆ ಐದು ನಿಮಿಷ ನಿಂತಿದ್ದರು.

"ಇದಕ್ಕೆ ಸಭೆಯ ಒಪ್ಪಿಗೆ ಇಲ್ಲ. ತಾರೀಖಿಲ್ಲ," ಅಂದಿದ್ದರು. "ಆದರೂ ಹಾಕಿದಾರೆ. ನಿಲ್ಲಿಸು ಮೆಷಿನ್ನು."

ಬಿಡುಗಡೆಯ ಹಿಂದಿನ ದಿನ ಬೆಳಿಗ್ಗೆ ಮ್ಯಾನೇಜರ್ ಫೋನ್ ಮಾಡಿದ. ನಟ ರಂಗದ ಮೆಟ್ಟಿಲಿನಿಂದ ಜಾರಿ ಕಾಲು ಉಳುಕಿಸಿಕೊಂಡಿದ್ದಾನೆ, ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ. ಆ ಅಳತೆಗೆ ಬೇರೆ ಯಾರೂ ಸಿಗುತ್ತಿಲ್ಲ. ವೇಷವನ್ನು ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿಬಿಡೋಣ.

ಟೈಲರಮ್ಮ ಫೋನು ಹಿಡಿದುಕೊಂಡೇ ನೆಲದ ಮೇಲೆ ಕೂತಳು. ಮೂರು ವಾರದ ಕೆಲಸ. ಗಾಜಿನ ಪೆಟ್ಟಿಗೆಯಲ್ಲಿ ನಿಂತರೆ ಆ ಬಾಲ ತಿರುಗುವುದನ್ನು ಯಾರು ನೋಡುತ್ತಾರೆ?

"ಅವನಿಗೆ ಹೇಳು, ಜನ ಸಿಕ್ಕಿದಾರೆ ಅಂತ," ಸ್ಟೂಲಿನ ಮೇಲಿಂದ ದನಿ ಬಂತು.

"ಯಾರು ಅತ್ತೆ?"

"ನಾನು."

ಟೈಲರಮ್ಮ ತಲೆಯೆತ್ತಿದಳು. ಅತ್ತೆಯ ಮುಖದಲ್ಲಿ ತಮಾಷೆಯ ಗುರುತೇ ಇರಲಿಲ್ಲ.

"ಅತ್ತೆ, ಮೂರು ದಿನ ನಿಂತ್ಕೊಂಡೇ ಇರ್ಬೇಕು. ಮಕ್ಕಳು ಮೈಮೇಲೆ ಬೀಳ್ತಾರೆ. ನಿಮಗೆ ಅರವತ್ತೇಳು."

"ಪುಸ್ತಕದಲ್ಲಿ ಎತ್ತರ ಬರೆದಿದೆ. ನಾಲ್ಕನೇ ಪುಟ. ವಯಸ್ಸು ಎಲ್ಲೂ ಬರೆದಿಲ್ಲ." ಕಿತ್ತಳೆ ಪಂಜವನ್ನು ಮುಂದೆ ಚಾಚಿದರು. "ಇಳಿಸು ಈಗ. ನಾಳೆಗೆ ಕಾಲು ಚೀಲ ಒಗೆದಿಡ್ಬೇಕು."

ಅಂಗಡಿಯ ಗೋದಾಮಿನಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ ಅತ್ತೆಗೆ ವೇಷ ಹಾಕಿದ್ದಾಯಿತು. ವೇಷ ಹಾಕಿದವರು ಮಾತಾಡಬಾರದು, ಮಕ್ಕಳ ಎದುರು ತಲೆ ತೆಗೆಯಬಾರದು, ಪಕ್ಕದಲ್ಲಿ ಯಾವಾಗಲೂ ಒಬ್ಬ ಸಹಾಯಕಿ ಇರಬೇಕು ಎಂಬ ನಿಯಮವಿದ್ದುದರಿಂದ ಟೈಲರಮ್ಮನ ಕುತ್ತಿಗೆಗೆ 'ಮಿಂಚಿಲಿಯ ಗೆಳತಿ' ಎಂಬ ಚೀಟಿ ಬಿತ್ತು. ಅತ್ತೆಯ ಗೆಳತಿ ಎಂದು ತನ್ನನ್ನು ಯಾರಾದರೂ ಕರೆದಾರು ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಗೋದಾಮಿನ ಬಾಗಿಲಿನಿಂದ ಆಟದ ವೇದಿಕೆಯವರೆಗೆ ಹೊಸ ನೈಲಾನ್ ಕಾರ್ಪೆಟ್ಟು ಹಾಸಿದ್ದರು. ಇಲಿಯ ಕಾಲು ದೊಡ್ಡದಾಗಿ, ಎತ್ತಿಡಲು ಆಗದೆ, ಅತ್ತೆ ಸರ್ರು ಸರ್ರು ಎಂದು ಎಳೆದುಕೊಂಡೇ ನಡೆದರು. ವೇದಿಕೆಯ ಬಳಿ ಮ್ಯಾನೇಜರ್ ನಗುನಗುತ್ತ ಕೈ ಚಾಚಿದ. ಮಿಂಚಿಲಿ ಪಂಜ ಚಾಚಿತು.

ಚಟ್ ಎಂದು ಸದ್ದಾಯಿತು. ಮ್ಯಾನೇಜರ್ ಕೈಯನ್ನು ಹಿಂದಕ್ಕೆಳೆದುಕೊಂಡು ತನ್ನ ಬೆರಳುಗಳನ್ನು ಒಂದೊಂದಾಗಿ ನೋಡಿಕೊಂಡ. ಟೈಲರಮ್ಮ ಪಂಜದ ಕಡೆ ನೋಡಿದಳು. ಮಿಂಚಿಲಿಗೆ ಉಗುರು ಬೇಕೆಂದು ಅವಳು ಪ್ರತಿ ಬೆರಳಿಗೂ ಒಂದೊಂದು ಹಿತ್ತಾಳೆ ಗುಂಡಿ ಹೊಲಿದಿದ್ದಳು. ಗುಂಡಿಯ ಹಿಂಬದಿ ಒಳಗಿನ ಬೆರಳಿಗೆ ತಾಗಿಕೊಂಡೇ ಇತ್ತು.

ಅಷ್ಟರಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ನುಗ್ಗಿ ಬಂದು ಪಂಜ ಹಿಡಿದೇಬಿಟ್ಟಳು. ಮತ್ತೆ ಚಟ್. ಹುಡುಗಿ ಅಳಲಿಲ್ಲ. ಕಣ್ಣು ಬಾಯಿ ಬಿಟ್ಟು ನಿಂತಳು. ಆಮೇಲೆ ಇಡೀ ಮಹಡಿಗೆ ಕೇಳುವ ಹಾಗೆ, "ಅಮ್ಮಾ, ಇದು ನಿಜವಾದ್ದು," ಎಂದು ಕೂಗಿದಳು.

ಹತ್ತು ನಿಮಿಷದಲ್ಲಿ ಸಾಲು ಮೆಟ್ಟಿಲಿನವರೆಗೆ ಬೆಳೆಯಿತು. ಮಕ್ಕಳು ಕೈ ಚಾಚಿ, ಕಣ್ಣು ಮುಚ್ಚಿ, ಹಲ್ಲು ಕಚ್ಚಿ ನಿಲ್ಲುತ್ತಿದ್ದರು. ಶಾಕು ಹೊಡೆದರೆ ಕುಣಿದಾಡಿಕೊಂಡು ಮತ್ತೆ ಸಾಲಿನ ತುದಿಗೆ ಓಡುತ್ತಿದ್ದರು. ಶಾಕು ಹೊಡೆಯದವರು ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ಅಂಥವರ ಮುಂದೆ ಮಿಂಚಿಲಿ ನಾಲ್ಕಾರು ಹೆಜ್ಜೆ ಆಚೆ ಈಚೆ ಕಾಲೆಳೆದು ಮತ್ತೆ ಪಂಜ ಕೊಡುತ್ತಿತ್ತು. ಮೊದಲು ಟೈಲರಮ್ಮ ಅದನ್ನು ಅತ್ತೆಯ ಕಾಲುನೋವು ಅಂದುಕೊಂಡಳು. ಮೂರನೆಯ ಸಲ ನೋಡಿದಾಗ ಅವಳಿಗೆ ಅನುಮಾನ ಬಂತು.

ಹನ್ನೊಂದು ಗಂಟೆಯ ಹೊತ್ತಿಗೆ ಮೊಮ್ಮಗನ ಕೈ ಹಿಡಿದುಕೊಂಡು ನೋಟಿಸ್ ಸಾಹೇಬರು ಬಂದರು. ಇಸ್ತ್ರಿ ಮಾಡಿದ ಅಂಗಿ, ಬೋಳು ತಲೆಯ ಮೇಲೆ ಎಡದಿಂದ ಬಲಕ್ಕೆ ಅಂಟಿಸಿದ ನಾಲ್ಕೆಳೆ ಕೂದಲು. ಸಾಲಿನಲ್ಲಿ ನಿಂತವರಿಗೆ ಹೇಗೆ ನಿಲ್ಲಬೇಕೆಂದು ಹೇಳಿಕೊಡುತ್ತಲೇ ಮುಂದೆ ಬಂದರು.

ಮಿಂಚಿಲಿ ಹುಡುಗನಿಗೆ ಸಣ್ಣದೊಂದು ಶಾಕು ಕೊಟ್ಟು, ಇದ್ದಕ್ಕಿದ್ದಂತೆ ಸಾಹೇಬರಿಗೆ ಬೆನ್ನು ಹಾಕಿ ನಡೆಯಿತು. ಕಾರ್ಪೆಟ್ಟಿನ ಆ ತುದಿಯವರೆಗೆ ಹೋಗಿ, ಅಲ್ಲಿಂದ ನಿಧಾನವಾಗಿ, ಎರಡೂ ಪಾದ ಗಟ್ಟಿಯಾಗಿ ಉಜ್ಜಿಕೊಂಡು ವಾಪಸು ಬಂತು. ಬಂದು ಬಹಳ ವಿನಯದಿಂದ ಬಲಗೈ ಚಾಚಿತು.

ಈ ಸಲದ ಸದ್ದು ಕೌಂಟರಿನವರೆಗೆ ಕೇಳಿಸಿತು. ಸಾಹೇಬರ ನಾಲ್ಕೆಳೆ ಕೂದಲೂ ಎದ್ದು ನಿಂತವು. ಅವರು ಸುಧಾರಿಸಿಕೊಳ್ಳುವ ಮೊದಲೇ ಮಿಂಚಿಲಿ ಇನ್ನೆರಡು ಸುತ್ತು ಹೋಗಿ ಬಂದು ಮೊಣಕೈಗೆ ಒಂದು, ಫೋಟೋ ತೆಗೆಯುವ ನೆಪದಲ್ಲಿ ಕಿವಿಯ ತುದಿಗೆ ಒಂದು ಕೊಟ್ಟಿತು.

"ಏನಿದು ಅನ್ಯಾಯ. ಯಾರ್ರೀ ಇದರ ಒಳಗಿರೋದು?" ಸಾಹೇಬರು ಕಿವಿ ಹಿಡಿದುಕೊಂಡು ಟೈಲರಮ್ಮನ ಕಡೆ ತಿರುಗಿದರು. "ಓ, ನೀವಾ. ಮೂರನೇ ಮಹಡಿ."

"ಒಳಗೆ ಯಾರೂ ಇಲ್ಲ ಸಾರ್," ಟೈಲರಮ್ಮ ನಿಯಮದ ಪುಸ್ತಕದಲ್ಲಿದ್ದ ಉತ್ತರವನ್ನು ಒಪ್ಪಿಸಿದಳು. "ಅದು ಮಿಂಚಿಲಿ."

"ನಾನು ಇದನ್ನ ಇಲ್ಲಿಗೇ ಬಿಡಲ್ಲ. ಬರೀತೀನಿ."

"ತಾತ, ತಾತ," ಮೊಮ್ಮಗ ಅವರ ಅಂಗಿ ಜಗ್ಗಿದ. ಅವನ ಮುಖದಲ್ಲಿ ಹೊಟ್ಟೆಕಿಚ್ಚೂ ಹೆಮ್ಮೆಯೂ ಒಟ್ಟಿಗೇ ಇದ್ದವು. "ಮಿಂಚಿಲಿ ತನಗೆ ಇಷ್ಟ ಆದವರಿಗೆ ಮಾತ್ರ ಶಾಕ್ ಕೊಡೋದು. ನಂಗೆ ಒಂದೇ ಕೊಡ್ತು. ನಿಮಗೆ ಮೂರು."

ಸುತ್ತಲಿದ್ದ ಮಕ್ಕಳು ಸಾಹೇಬರನ್ನು ಹೊಸ ಕಣ್ಣಿನಿಂದ ನೋಡಿದರು. ಸಾಹೇಬರು ಕೂದಲು ಸವರಿಕೊಂಡು ಹೊರಟುಹೋದರು.

ಊಟದ ಹೊತ್ತಿಗೆ ಗೋದಾಮಿನಲ್ಲಿ ಇಲಿಯ ತಲೆ ತೆಗೆದಾಗ ಅತ್ತೆಯ ಬಿಳಿ ಕೂದಲೆಲ್ಲ ಬೆವರಿಗೆ ಹಣೆಗಂಟಿತ್ತು. ಟೈಲರಮ್ಮ ನೀರಿನ ಬಾಟಲಿ ಕೊಟ್ಟು, ಪುಸ್ತಕ ಬೀಸಿ ಗಾಳಿ ಹಾಕಿದಳು. ಕೇಳಲೋ ಬೇಡವೋ ಎಂದು ಒದ್ದಾಡಿ ಕೇಳಿಯೇಬಿಟ್ಟಳು.

"ಅತ್ತೆ, ನೀವು ಬೇಕೂಂತಲೇ ಮಾಡ್ತಿದೀರಾ?"

ಅತ್ತೆ ನಿಧಾನವಾಗಿ ನೀರು ಕುಡಿದು ಮುಗಿಸಿದರು. "ಕಾಲೆಳೀಬೇಕು. ಮಕ್ಕಳಿಗೆ ಆರು ಹೆಜ್ಜೆ ಸಾಕು, ಚುರುಕ್ ಅನ್ನುತ್ತೆ. ತೀರಾ ಚಿಕ್ಕವಕ್ಕೆ ಎತ್ತಿಟ್ಟು ನಡೀತೀನಿ, ಏನೂ ಆಗಲ್ಲ. ಅವನಿಗೆ ಇಪ್ಪತ್ತು ಹಾಕ್ದೆ."

"ಅಯ್ಯೋ ಅತ್ತೆ."

"ಒಂಬತ್ತನೇ ಪುಟ ನೋಡು. ಇಷ್ಟವಾದವರಿಗೆ ಶಾಕ್ ಕೊಡುತ್ತದೆ ಅಂತ ಬರೆದಿದೆ. ನಾನು ನಿಯಮ ಮೀರಿಲ್ಲ." ಅತ್ತೆ ಡಬ್ಬಿಯ ಮುಚ್ಚಳ ತೆಗೆದರು. ಸ್ವಲ್ಪ ಹೊತ್ತು ತಿಂದಮೇಲೆ, ಯಾರೂ ಕೇಳದೆಯೇ ಹೇಳತೊಡಗಿದರು. "ಎಕ್ಸ್‌ಚೇಂಜಲ್ಲಿ ನಮಗೆ ಎದುರು ಮಾತಾಡೋ ಹಾಗಿರಲಿಲ್ಲ. ದೊಡ್ಡ ದೊಡ್ಡವರು ಫೋನ್ ಎತ್ತಿದ ತಕ್ಷಣ ಬೈಯೋರು. ನಾನು ಏನ್ಮಾಡ್ತಿದ್ದೆ ಗೊತ್ತಾ? ಬೈಯೋರು ಇಬ್ಬರು ಒಂದೇ ಹೊತ್ತಿಗೆ ಸಿಕ್ಕಿದರೆ, ಅವರಿಬ್ಬರಿಗೇ ಲೈನ್ ಜೋಡಿಸಿಬಿಡ್ತಿದ್ದೆ. ಹತ್ತು ನಿಮಿಷ ಒಬ್ಬರಿಗೊಬ್ಬರು ಬೈಕೊಳ್ಳೋರು. ಆಮೇಲೆ ನಾನೇ ಹೋಗಿ, ಕ್ಷಮಿಸಿ, ತಾಂತ್ರಿಕ ತೊಂದರೆ ಅಂತ ಹೇಳ್ತಿದ್ದೆ."

"ಯಾರಿಗೂ ಗೊತ್ತಾಗಲಿಲ್ವಾ?"

"ಮೂವತ್ತೊಂದು ವರ್ಷ," ಅಂದರು ಅತ್ತೆ. ಆಗ ನಕ್ಕರು. ಮೇಲಿನ ಸಾಲಿನ ಹಲ್ಲುಗಳೆಲ್ಲ ಕಂಡವು, ಒಂದು ಪಕ್ಕಕ್ಕೆ ಸ್ವಲ್ಪ ವಾಲಿದ್ದು ಕೂಡ. ಟೈಲರಮ್ಮನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಎಂಟು ವರ್ಷ ಒಂದೇ ಮನೆಯಲ್ಲಿದ್ದು ಇವರು ಯಾರೆಂದೇ ತನಗೆ ಗೊತ್ತಿರಲಿಲ್ಲವಲ್ಲ ಎಂದು ಅವಳಿಗೆ ಒಂಥರಾ ಅನಿಸಿತು. ಭಯವಲ್ಲ. ಬೀಗ ಹಾಕಿದ ಕೋಣೆಯಿಂದ ಹಾಡು ಕೇಳಿಸಿದ ಹಾಗೆ.

ಮರುದಿನ ಬೆಳಿಗ್ಗೆ ಅವಳು ಗಂಡನನ್ನು ವಿಚಾರಿಸಿದಳು. ಲಿಫ್ಟ್ ರಿಪೇರಿ ಅವನ ಕೆಲಸ. ಬೂಟಿನ ಲೇಸು ಕಟ್ಟುತ್ತಲೇ ಹೇಳಿದ: "ನೈಲಾನು, ಏಸಿಯ ಒಣ ಗಾಳಿ. ಉಜ್ಜಿದ್ರೆ ಮೈಯಲ್ಲಿ ಕರೆಂಟು ಕೂತ್ಕೊಳ್ಳುತ್ತೆ, ಲೋಹ ತಾಗಿದ್ರೆ ಹೊರಟೋಗುತ್ತೆ. ಏನೂ ಅಪಾಯ ಇಲ್ಲ. ದಪ್ಪ ಹತ್ತಿ ಬಟ್ಟೆ ಅಡ್ಡ ಇದ್ರೆ ಅಷ್ಟೂ ಆಗಲ್ಲ. ಯಾಕೆ?"

"ಸುಮ್ನೆ," ಅಂದಳು. ಅತ್ತೆ ಪೇಪರಿನ ಹಿಂದೆ ಅಲುಗಾಡಲಿಲ್ಲ.

ಎರಡನೆಯ ದಿನ ಸಾಲು ಮೆಟ್ಟಿಲಿಳಿದು ರಸ್ತೆಗೆ ಬಂತು. ಅದರಲ್ಲಿ ನೋಟಿಸ್ ಸಾಹೇಬರೂ ಇದ್ದರು. ಮೊಮ್ಮಗನ ಜೊತೆಗೆ ಕಟ್ಟಡದ ಇನ್ನೂ ಐದು ಮಕ್ಕಳು. ಮೊಮ್ಮಗ ಊರೆಲ್ಲ ಡಂಗುರ ಹೊಡೆದಿದ್ದ, ಮಿಂಚಿಲಿಗೆ ಎಲ್ಲರಿಗಿಂತ ನಮ್ಮ ತಾತ ಇಷ್ಟ ಅಂತ. ನಿನ್ನೆಯವರೆಗೆ ಲಿಫ್ಟಿನಲ್ಲಿ ಸಾಹೇಬರನ್ನು ಕಂಡರೆ ಮೆಟ್ಟಿಲಿಗೆ ಓಡುತ್ತಿದ್ದ ಮಕ್ಕಳು ಈಗ ಅವರ ಎರಡೂ ಕೈಗೆ ಜೋತುಬಿದ್ದಿದ್ದವು.

ಮಿಂಚಿಲಿ ಇಪ್ಪತ್ತೈದು ಹೆಜ್ಜೆ ಹಾಕಿತು. ಸಾಹೇಬರು ತುಟಿ ಕಚ್ಚಿ ತಡೆದುಕೊಂಡು, ಮಕ್ಕಳ ಕಡೆ ತಿರುಗಿ, "ನೋಡಿದ್ರಾ?" ಅಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಅವರು ಮತ್ತೆ ಸಾಲಿಗೆ ಹೋಗಿ ನಿಂತರು. ಮಧ್ಯಾಹ್ನ ಮೂರು ಗಂಟೆಗೆ ಇನ್ನೊಂದು ಸಲ ಬಂದರು.

"ಅವನಿಗೆ ಖುಷಿಯಾಗ್ತಿದೆಯಲ್ಲೇ," ಗೋದಾಮಿನಲ್ಲಿ ಅತ್ತೆ ಮುಖ ಗಂಟಿಕ್ಕಿಕೊಂಡು ಕೂತರು. "ನಿದ್ದೆ ಬಿಟ್ಟು ಬಂದಿದಾನೆ ಹೊಡೆಸಿಕೊಳ್ಳೋಕೆ. ಇದೆಂಥ ಶಿಕ್ಷೆ."

"ಹಾಗಾದ್ರೆ ನಾಳೆ ಕೊಡಬೇಡಿ."

"ಕೊಡದೇ ಇದ್ರೆ ನಂಗೆ ಸಮಾಧಾನ ಆಗ್ಬೇಕಲ್ಲ," ಅಂದರು ಅತ್ತೆ.

ಮೂರನೆಯ ದಿನ ಅಂಗಡಿ ತೆರೆಯುವ ಹೊತ್ತಿಗೆ ಆಟದ ಕಂಪನಿಯ ಮೇಡಂ ಒಬ್ಬರು ಬಂದಿದ್ದರು. ಕೈಯಲ್ಲಿ ಅದೇ ಹದಿನಾಲ್ಕು ಪುಟದ ಪುಸ್ತಕ, ಹದ್ದಿನ ಕಣ್ಣು. ಮೊದಲ ದಿನ ಸಂಜೆಯೇ ಒಂದು ದೂರು ಬಂದಿದೆ, ವೇಷದೊಳಗೆ ಬ್ಯಾಟರಿ ಇಟ್ಟು ಜನರಿಗೆ ಶಾಕು ಕೊಡುತ್ತಿದ್ದಾರಂತೆ, ಮೂರು ಕಡೆ ಪೆಟ್ಟಾಗಿದೆಯಂತೆ. ಮ್ಯಾನೇಜರ್ ಟೈಲರಮ್ಮನನ್ನು ನೋಡಿದ. ಅವಳು ಅತ್ತೆಯನ್ನು ನೋಡಿದಳು. ಅತ್ತೆ ಆಗಲೇ ಪೂರ್ತಿ ಇಲಿಯಾಗಿದ್ದರು.

ಎಲ್ಲರೂ ಗೋದಾಮಿಗೆ ಬಂದು ಬಾಗಿಲು ಹಾಕಿಕೊಂಡರು.

"ವೇಷ ಬಿಚ್ಚಬೇಕು. ಒಳಗೆ ಏನಿದೆ ನಾನು ನೋಡಬೇಕು," ಅಂದರು ಮೇಡಂ.

ಟೈಲರಮ್ಮ ಮುಂದೆ ಬರುವಷ್ಟರಲ್ಲಿ ಅತ್ತೆ ತಾವೇ ಎರಡೂ ಪಂಜದಿಂದ ತಲೆಯನ್ನೆತ್ತಿ ಪೆಟ್ಟಿಗೆಯ ಮೇಲಿಟ್ಟರು. ಜಡೆ ಸರಿಮಾಡಿಕೊಂಡರು. "ಹುಡುಕಿ."

ಮೇಡಂ ಒಂದು ಹೆಜ್ಜೆ ಹಿಂದೆ ಸರಿದರು. "ಇವರು... ಇವರೇನಾ ಎರಡು ದಿನದಿಂದ..."

"ಎತ್ತರ ನಾಲ್ಕು ಅಡಿ ಆರರಿಂದ ಎಂಟು ಇಂಚು. ನಾಲ್ಕನೇ ಪುಟ," ಅಂದರು ಅತ್ತೆ. "ಶಾಕ್ ಕೊಡೋದು ಒಂಬತ್ತನೇ ಪುಟ."

"ಅದು ಆಟದೊಳಗಿನ ಮಿಂಚಿಲಿಗೆ ಅಮ್ಮ."

"ಹಾಗಂತ ಬರೆದಿಲ್ಲ."

ಮೇಡಂ ಪುಟ ತಿರುವಿ ನೋಡಿದರು. ಬರೆದಿರಲಿಲ್ಲ. ವೇಷದ ಒಳಗೆಲ್ಲ ತಡಕಿದರು. ಬೆವರು, ನೈಲಾನು, ಬಾಲದ ತಂತಿ. ಬ್ಯಾಟರಿ ಸಿಗಲಿಲ್ಲ. ಟೈಲರಮ್ಮ ತೊದಲುತ್ತ ಗಂಡ ಹೇಳಿದ್ದನ್ನೆಲ್ಲ ಹೇಳಿದಳು, ಹಿತ್ತಾಳೆ ಗುಂಡಿಯ ತಪ್ಪು ತನ್ನದೆಂದು ಒಪ್ಪಿಕೊಂಡಳು. ಅತ್ತೆ ಕಾಲೆಳೆಯುತ್ತಿದ್ದ ವಿಷಯ ಮಾತ್ರ ಅವಳ ಬಾಯಿಂದ ಬರಲಿಲ್ಲ.

"ಪೆಟ್ಟಾಗಿದೆ ಅಂತ ಬರೆದಿದಾರಲ್ಲ. ದೂರು ಕೊಟ್ಟವರನ್ನ ನಾನು ಕಾಣಬೇಕು," ಎಂದು ಮೇಡಂ ಕಾಗದದ ಮೇಲಿನ ಹೆಸರನ್ನು ಮ್ಯಾನೇಜರನಿಗೆ ತೋರಿಸಿದರು.

ದೂರ ಹೋಗಬೇಕಾಗಿರಲಿಲ್ಲ. ದೂರು ಕೊಟ್ಟವರು ಹೊರಗೆ ಸಾಲಿನಲ್ಲಿ ಹತ್ತನೆಯವರಾಗಿ ನಿಂತಿದ್ದರು. ಹಿಂದೆ ಮೊಮ್ಮಗ, ಅವನ ಹಿಂದೆ ಒಂಬತ್ತು ಮಕ್ಕಳು. ಮಿಂಚಿಲಿ ತಲೆ ಹಾಕಿಕೊಂಡು ಗೋದಾಮಿನ ಬಾಗಿಲಲ್ಲಿ ಬಂದು ನಿಂತಿತು. ಮೇಡಂ ಕಾಗದ ಹಿಡಿದು ಕೇಳಿದರು: "ಸಾರ್, ಇದು ನೀವು ಬರೆದದ್ದೇ? ಶಾಕ್ ಹೊಡೆದು ನಿಮಗೆ ತೊಂದರೆಯಾಗಿದೆ ಅಂತ?"

ಸಾಹೇಬರು ಕಾಗದ ನೋಡಿದರು, ಮೊಮ್ಮಗನನ್ನು ನೋಡಿದರು. ಅವರ ಕಿವಿ ಕೆಂಪಾಯಿತು.

"ತಾತ, ನೀವು ಮಿಂಚಿಲಿ ಮೇಲೆ ಚಾಡಿ ಹೇಳಿದ್ರಾ?"

"ಛೆ, ಛೆ. ಚಾಡಿ ಯಾಕೋ," ಸಾಹೇಬರು ಗಂಟಲು ಸರಿಮಾಡಿಕೊಂಡರು. "ಮೇಡಂ, ಅದು ದೂರಲ್ಲ. ಮೆಚ್ಚುಗೆ ಪತ್ರ. ನನ್ನ ಭಾಷೆ ಸ್ವಲ್ಪ ಕಚೇರಿ ಭಾಷೆ. ಎಷ್ಟೋ ವರ್ಷದ ಅಭ್ಯಾಸ."

"'ಕಠಿಣ ಕ್ರಮ ಕೈಗೊಳ್ಳಬೇಕು' ಅಂತಿದೆ."

"ಹೌದು. ಅಂದ್ರೆ, ಇದನ್ನ ಇನ್ನೂ ನಾಲ್ಕು ದಿನ ಮುಂದುವರಿಸೋ ಕ್ರಮ."

ಟೈಲರಮ್ಮ ಕುತ್ತಿಗೆಯ ಚೀಟಿಯನ್ನು ತುಟಿಗೆ ಒತ್ತಿಕೊಂಡು ನಗು ನುಂಗಿದಳು. ಇಲಿಯ ಹೊಟ್ಟೆ ಅಲುಗುತ್ತಿದ್ದುದು ಅವಳಿಗೆ ಮಾತ್ರ ಕಂಡಿತು.

ಆದರೆ ಮೇಡಂ ಬಿಡುವ ಪೈಕಿಯವರಲ್ಲ. ಪತ್ರ ಯಾವುದಾದರೂ ಇರಲಿ, ಪಂಜದ ಒಳಗೆ ಹತ್ತಿಯ ಗವಸು ಹೊಲಿಯಲೇಬೇಕು, ಆಮೇಲೆ ನಾನೇ ಪರೀಕ್ಷೆ ಮಾಡುತ್ತೇನೆ ಅಂದರು. ಒಂದು ಗಂಟೆ ಸಮಯ ಕೊಟ್ಟರು.

ಟೈಲರಮ್ಮ ಗೋದಾಮಿನಲ್ಲಿ ಕೂತು, ಅಂಗಡಿಯ ಕನ್ನಡಿ ಒರೆಸಲು ತಂದಿಟ್ಟಿದ್ದ ದಪ್ಪ ಹತ್ತಿ ಬಟ್ಟೆಯನ್ನು ಎರಡು ಪದರ ಮಾಡಿ ಕತ್ತರಿಸಿದಳು. ಕೈಹೊಲಿಗೆ. ಎಡಗೈ ಮುಗಿಯಿತು. ಬಲಗೈಯ ನಾಲ್ಕು ಬೆರಳು ಮುಗಿಯಿತು. ತೋರುಬೆರಳಿಗೆ ಬಂದಾಗ ಅವಳ ಸೂಜಿ ನಿಂತಿತು. ಅಷ್ಟು ವರ್ಷದಲ್ಲಿ ಅವಳು ಗೊತ್ತಿದ್ದೂ ಒಂದು ಹೊಲಿಗೆ ಬಿಟ್ಟವಳಲ್ಲ. ಬಾಗಿಲಿನ ಕಡೆ ನೋಡಿದಳು. ಅತ್ತೆ ಪೆಟ್ಟಿಗೆಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದರು. ಟೈಲರಮ್ಮ ಬೆರಳಿನ ತುದಿಯನ್ನು ಅರ್ಧ ಇಂಚು ತೆರೆದು ಬಿಟ್ಟು, ಅದರ ಮೇಲೆ ಮಡಚಿಕೊಳ್ಳುವ ಸಣ್ಣ ಮುಚ್ಚಳ ಇಟ್ಟು, ಚೀಲದಿಂದ ಒಂದು ಟಿಚ್ ಬಟನ್ ತೆಗೆದು ಹೊಲಿದಳು. ಹೆಬ್ಬೆರಳಲ್ಲಿ ಒತ್ತಿದರೆ ತೆರೆಯಬೇಕು, ಮತ್ತೆ ಒತ್ತಿದರೆ ಮುಚ್ಚಬೇಕು. ಎರಡು ಸಲ ಪರೀಕ್ಷಿಸಿದಳು.

ವೇಷ ಹಾಕುವಾಗ ಏನನ್ನೂ ಹೇಳದೆ ಅತ್ತೆಯ ಹೆಬ್ಬೆರಳನ್ನು ಹಿಡಿದು ಆ ಟಿಚ್ ಬಟನ್ನಿನ ಮೇಲಿಟ್ಟಳು. ಅತ್ತೆ ಒತ್ತಿ ನೋಡಿದರು. ಟಿಕ್. ಮತ್ತೆ ಒತ್ತಿದರು. ಟಿಕ್. ಸೊಸೆಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

"ಹೊಲಿಗೆ ಗಟ್ಟಿಯಾಗಿದೆ," ಅಂದರು.

ಮೇಡಂ ಎರಡೂ ಪಂಜ ಹಿಡಿದು ಕುಲುಕಿದರು. ಮಿಂಚಿಲಿಯನ್ನು ಹತ್ತು ಹೆಜ್ಜೆ ನಡೆಸಿ ಮತ್ತೆ ಕುಲುಕಿದರು. ಏನೂ ಆಗಲಿಲ್ಲ. ಪುಸ್ತಕದಲ್ಲಿ ಗುರುತು ಹಾಕಿ, ಕೌಂಟರಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

ಸಾಲು ಮುಂದೆ ಸಾಗಿತು. ಮಕ್ಕಳು ಕೈ ಚಾಚಿದರು, ಕಾದರು, ಬರಿಗೈಯಲ್ಲಿ ಇಳಿದರು. "ಕರೆಂಟ್ ಮುಗಿದೋಯ್ತು," ಎಂದು ಒಬ್ಬ ಸುದ್ದಿ ಹಬ್ಬಿಸಿದ. ನೋಟಿಸ್ ಸಾಹೇಬರ ಸರದಿ ಬಂತು. ಅವರು ಕಣ್ಣು ಮುಚ್ಚಿ ಹಲ್ಲು ಕಚ್ಚಿ ನಿಂತರು. ಪಂಜ ಮೆತ್ತಗೆ ತಾಗಿತು, ಅಷ್ಟೆ. ಒಂದು ಕಣ್ಣು ತೆರೆದು ನೋಡಿದರು.

"ತಾತ," ಮೊಮ್ಮಗನ ದನಿ ಸಣ್ಣಗಾಯಿತು. "ಅದಕ್ಕೆ ಗೊತ್ತಾಗಿಹೋಯ್ತು. ನೀವು ಕಾಗದ ಬರೆದದ್ದು." ಹಿಂದಿನ ಒಂಬತ್ತು ಮಕ್ಕಳೂ ಸಾಹೇಬರನ್ನು ನೋಡುತ್ತಿದ್ದವು, ಹಳೆಯ ಕಣ್ಣಿನಿಂದ.

ಸಾಹೇಬರು ಅಲ್ಲಿಂದ ಕದಲಲಿಲ್ಲ. ಇಲಿಯ ಬಾಯಿಯಲ್ಲಿದ್ದ ಕಪ್ಪು ಬಲೆಬಟ್ಟೆಯ ಕಡೆ ಬಗ್ಗಿ, ಯಾರಿಗೂ ಕೇಳದ ಹಾಗೆ ಹೇಳಿದರು. ಪಕ್ಕದಲ್ಲೇ ಇದ್ದ ಟೈಲರಮ್ಮನಿಗೆ ಕೇಳಿಸಿತು. "ಯಾರಿದೀರೋ ಒಳಗೆ ಗೊತ್ತಿಲ್ಲ. ಹುಡುಗ ನನ್ನ ಜೊತೆ ಮಾತಾಡೋಕೆ ಶುರು ಮಾಡಿದ್ದೇ ಮೊನ್ನೆಯಿಂದ. ಒಂದೇ ಒಂದು ಸಲ. ಜೋರಾಗೇ ಹೊಡೀರಿ, ಪರವಾಗಿಲ್ಲ."

ಮಿಂಚಿಲಿ ಅಲುಗಾಡದೆ ನಿಂತಿತು. ಆಮೇಲೆ ಅದು ತಿರುಗಿ, ಕಾರ್ಪೆಟ್ಟಿನ ಆ ತುದಿಗೆ ಹೊರಟಿತು. ಮೂವತ್ತು ಹೆಜ್ಜೆ, ನಲವತ್ತು. ಸರ್ರು ಸರ್ರು. ಎಲ್ಲೋ ನಡುದಾರಿಯಲ್ಲಿ ಟಿಕ್ ಎಂದಿತು. ಮೇಡಂಗೆ ಕಾಣದ ಹಾಗೆ ಟೈಲರಮ್ಮ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಕುರ್ಚಿಗೆ ಅಡ್ಡ ನಿಂತಳು. ಮಿಂಚಿಲಿ ವಾಪಸು ಬಂದು, ತೋರುಬೆರಳನ್ನು ಎತ್ತಿ, ಸಾಹೇಬರ ಮೂಗಿನ ತುದಿಗೆ ಮುಟ್ಟಿಸಿತು.

ಕೌಂಟರಿನಲ್ಲಿ ಮೇಡಂ ದಡಕ್ಕನೆ ಎದ್ದರು. "ಏನದು ಸದ್ದು?"

ಸಾಹೇಬರ ಕಣ್ಣಲ್ಲಿ ನೀರು ಬಂದಿತ್ತು, ನಾಲ್ಕೆಳೆ ಕೂದಲು ಸೂರು ನೋಡುತ್ತಿತ್ತು. "ಏನಿಲ್ಲ ಮೇಡಂ. ಸೀನು," ಅಂದರು ಮೂಗು ಹಿಡಿದುಕೊಂಡು. ಹಿಂದೆ ಮೊಮ್ಮಗ ಎರಡೂ ಕೈಯಿಂದ ಅವರ ಸೊಂಟ ತಬ್ಬಿಕೊಂಡಿದ್ದ.

ಮೇಡಂ ಬಂದು ಪಂಜವನ್ನು ಮತ್ತೊಮ್ಮೆ ಕುಲುಕಿದರು. ಏನೂ ಆಗಲಿಲ್ಲ. ಟೈಲರಮ್ಮನ ಮುಖವನ್ನು ದಿಟ್ಟಿಸಿದರು. ಅವಳು ನೆಲ ನೋಡಿದಳು, ಕಾರ್ಪೆಟ್ಟಿನ ಅಂಚನ್ನು ಕಾಲಿಂದ ಸರಿಮಾಡಿದಳು. ಸಂಜೆ ಹೊರಡುವಾಗ ಮೇಡಂ ಮುಂದಿನ ತಿಂಗಳು ಬೇರೆ ಅಂಗಡಿಯಲ್ಲಿ ನೀರುನಾಯಿಯಂಥ ಇನ್ನೊಂದು ಪ್ರಾಣಿ ಬೇಕು, ನೀವೇ ಹೊಲಿಯಿರಿ, ಅಂದರು. ಎತ್ತರ ಎಷ್ಟು ಎಂದು ಟೈಲರಮ್ಮ ಕೇಳಿದಳು. "ನಿಮ್ಮ ಹತ್ರ ಯಾರಿದಾರೋ ಅವರ ಎತ್ತರಕ್ಕೆ," ಎಂದರು ಮೇಡಂ, ನಗದೆ.

ಒಂದು ವಾರದ ನಂತರ ಅತ್ತೆ ಸೊಸೆ ಬಟ್ಟೆಯ ಗಂಟು ಹಿಡಿದು ಲಿಫ್ಟಿನಲ್ಲಿದ್ದಾಗ ನೋಟಿಸ್ ಸಾಹೇಬರು ಹತ್ತಿದರು. ಮೂಗಿನ ತುದಿಯನ್ನು ಮುಟ್ಟಿಕೊಳ್ಳುವ ಹೊಸ ಅಭ್ಯಾಸ ಅವರಿಗೆ ಅಂಟಿತ್ತು. ಅತ್ತೆಗೆ ನಮಸ್ಕಾರ ಮಾಡಿ, ಮಾತು ಹುಡುಕಿಕೊಂಡು, ಮಿಂಚಿಲಿಯ ವಿಷಯ ತೆಗೆದರು.

"ನಿಮ್ಮ ಸೊಸೆ ಅಲ್ಲೇ ಇದ್ರು, ಕೇಳಿ ಬೇಕಾದ್ರೆ. ಅಷ್ಟು ಜನದಲ್ಲಿ ಅದಕ್ಕೆ ನಾನೇ ಇಷ್ಟ. ಕೊನೇ ದಿನ ಯಾರಿಗೂ ಕೊಡಲಿಲ್ಲ, ನನಗೆ ಮಾತ್ರ. ನಿಮಗೆ ಇದೆಲ್ಲ ಗೊತ್ತಾಗಲ್ಲ ಬಿಡಿ, ಈಗಿನ ಮಕ್ಕಳ ಆಟ."

"ಹೌದಾ," ಅಂದರು ಅತ್ತೆ. "ಜೋರಾಗಿ ಹೊಡೀತಾ?"

"ಹೊಡೀತು ಅಂದ್ರೆ, ಪ್ರೀತಿ ಜಾಸ್ತಿ ನೋಡಿ."

"ಇರುತ್ತೆ, ಇರುತ್ತೆ."

ಟೈಲರಮ್ಮ ಬಾಗಿಲ ಮೇಲೆ ಬದಲಾಗುತ್ತಿದ್ದ ಅಂಕಿಗಳ ಮೇಲೇ ಕಣ್ಣಿಟ್ಟಿದ್ದಳು. ಒಂದು, ಎರಡು. ಗಂಟಿನ ಕೆಳಗೆ ಅತ್ತೆಯ ಮೊಣಕೈ ಮೆಲ್ಲಗೆ ಅವಳ ಪಕ್ಕೆಗೆ ತಿವಿಯಿತು. ಮೂರನೇ ಮಹಡಿ ಬರುವವರೆಗೆ ಹೇಗೋ ನಗು ತಡೆದುಕೊಂಡಳು. ಬಾಗಿಲು ಮುಚ್ಚಿ ಲಿಫ್ಟು ಮೇಲಕ್ಕೆ ಹೋದ ಮೇಲೆ ಇಬ್ಬರೂ ಗಂಟನ್ನು ನೆಲಕ್ಕಿಟ್ಟು ಗೋಡೆಗೊರಗಿ ನಿಂತರು, ಮನೆಯ ಬೀಗ ತೆಗೆಯುವಷ್ಟೂ ಕೈಯಲ್ಲಿ ಬಲವಿಲ್ಲದೆ.